ಚಿನ್ನಸ್ವಾಮಿಯಲ್ಲಿ ಚಪ್ಪಾಳೆ, ಗೊರಗುಂಟೆಪಾಳ್ಯದಲ್ಲಿ ಮೌನ

ಬೆಂಗಳೂರು: ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ಗೊರಗುಂಟೆಪಾಳ್ಯದಲ್ಲಿ ಬೆಳಗಿನ ಜಾವ ಐದು ಗಂಟೆಗೆ ನಿಂತು ನೋಡಿದವರಿಗೆ, ಅರ್ಧ ಕರ್ನಾಟಕವೇ ಬಸ್ಸಿನಿಂದ ಇಳಿಯುತ್ತಿರುವಂತೆ ಭಾಸವಾಗುತ್ತದೆ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ, ಹುಬ್ಬಳ್ಳಿಗಳ ಕಡೆಯಿಂದ ರಾತ್ರಿಯಿಡೀ ಓಡಿಬಂದ ಬಸ್ಸುಗಳು ಇಲ್ಲಿ ಒಂದು ಕ್ಷಣ ನಿಧಾನಿಸಿ ಪ್ರಯಾಣಿಕರನ್ನು ಇಳಿಸಿ ಮುಂದೆ ಸಾಗುತ್ತವೆ. ಪೀಣ್ಯದ ಕಾರ್ಖಾನೆಗಳಿಗೆ, ಸಿದ್ಧ ಉಡುಪಿನ ಘಟಕಗಳಿಗೆ ಬರುವವರ ನಡುವೆ ಹೆಗಲಿಗೆ ಕಿಟ್ ಬ್ಯಾಗು ತೂಗುಹಾಕಿಕೊಂಡ ಹುಡುಗರೂ ಇರುತ್ತಾರೆ. ಒಬ್ಬ ಕಬಡ್ಡಿಯ ಆಯ್ಕೆ ಪರೀಕ್ಷೆಗೆ ಬಂದವನು, ಇನ್ನೊಬ್ಬ ಲೀಗ್ ಕ್ರಿಕೆಟ್‌ನಲ್ಲಿ ಅವಕಾಶ ಅರಸಿ ಬಂದವನು. ಇಬ್ಬರು ಸೇರಿ ಒಂದು ಕೋಣೆ ಹಿಡಿದರೆ ಬಾಡಿಗೆ ಅರ್ಧವಾಗುತ್ತದೆ.

ಮದುವೆಯಾಗದ ಹುಡುಗ-ಹುಡುಗಿ ಮನೆ ಕೇಳಿಕೊಂಡು ಹೋದರೆ ನೂರು ಪ್ರಶ್ನೆ ಕೇಳುವ ಈ ನಗರ, ಇಬ್ಬರು ಹುಡುಗರು ಒಂದೇ ಕೋಣೆಯಲ್ಲಿ ಐದು ವರ್ಷ ಇದ್ದರೂ ಅಡ್ವಾನ್ಸ್ ಹಣದ ಹೊರತು ಬೇರೇನನ್ನೂ ಕೇಳುವುದಿಲ್ಲ. ಅವರು ‘ಫ್ರೆಂಡ್ಸು’. ಆ ಒಂದು ಪದದ ಮರೆಯಲ್ಲಿ ಎಷ್ಟು ಸಂಸಾರಗಳು ನಡೆದಿವೆಯೋ ಲೆಕ್ಕವಿಟ್ಟವರಿಲ್ಲ. ಈ ಮರೆ ಆಶ್ರಯವೂ ಹೌದು, ಸೆರೆಯೂ ಹೌದು. ಕೋಣೆಯ ಬಾಗಿಲಿನಾಚೆಗೆ, ಅದರಲ್ಲಿಯೂ ಆಟದ ಮೈದಾನಕ್ಕೆ ಬಂದೊಡನೆ ಆ ಪದವೇ ಬಾಯಿಗೆ ಬೀಗವಾಗುತ್ತದೆ.

ಈ ವಿಷಯವನ್ನು ಈಗ ಎತ್ತಲು ಒಂದು ನೆಪವಿದೆ. 2025ರ ನವೆಂಬರ್ ಕೊನೆಯಲ್ಲಿ ಕೆನಡಾದಲ್ಲಿ ಪ್ರಸಾರ ಆರಂಭಿಸಿದ ‘ಹೀಟೆಡ್ ರೈವಲ್ರಿ’ ಎಂಬ ಧಾರಾವಾಹಿ ಜಗತ್ತಿನ ಅನೇಕ ಕಡೆ ಅನಿರೀಕ್ಷಿತ ಜನಪ್ರಿಯತೆ ಗಳಿಸಿತು. ರೇಚೆಲ್ ರೀಡ್ 2019ರಲ್ಲಿ ಬರೆದ ಕಾದಂಬರಿ ಅದಕ್ಕೆ ಆಧಾರ. ಇಬ್ಬರು ವೃತ್ತಿಪರ ಐಸ್ ಹಾಕಿ ಆಟಗಾರರು, ಒಬ್ಬ ಸಂಕೋಚದ, ಶಿಸ್ತಿನ ಕೆನಡಾದವನು, ಇನ್ನೊಬ್ಬ ಬಾಯಿಬಡುಕ, ಮೋಜುಗಾರ ರಷ್ಯದವನು. ಮೈದಾನದಲ್ಲಿ ಕಡುವೈರಿಗಳು, ಮರೆಯಲ್ಲಿ ಪ್ರೇಮಿಗಳು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂಥ ಜೋಡಿ. ಇಂಥ ಕಥೆ ನಮಗೇನೂ ಹೊಸದಲ್ಲ. ಶ್ರೀಮಂತರ ಸೊಕ್ಕಿನ ಹುಡುಗಿ, ಬಡವರ ಸ್ವಾಭಿಮಾನಿ ಹುಡುಗ ಎಂಬ ಸೂತ್ರದ ಮೇಲೆಯೇ ಕನ್ನಡ ಚಿತ್ರರಂಗ ದಶಕಗಳ ಕಾಲ ಬದುಕಿದೆ. ಹೊಸದು ಇಷ್ಟೇ: ಇಲ್ಲಿ ಇಬ್ಬರೂ ಗಂಡಸರು, ಅದಕ್ಕಿಂತ ಹೆಚ್ಚಾಗಿ ಇಬ್ಬರೂ ಆಟಗಾರರು. ಆ ಕಥೆ ನಡೆಯುವ ಐಸ್ ಹಾಕಿಯ ಅಗ್ರ ವೃತ್ತಿಪರ ಲೀಗ್‌ನಲ್ಲಿ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡು ಪಂದ್ಯವಾಡಿದ ಒಬ್ಬನೇ ಒಬ್ಬ ಆಟಗಾರನೂ ನಿಜಜೀವನದಲ್ಲಿ ಕಂಡುಬಂದಿಲ್ಲ. 2021ರಲ್ಲಿ ಬಹಿರಂಗಪಡಿಸಿದ ಲ್ಯೂಕ್ ಪ್ರೊಕಾಪ್ ಆ ಲೀಗಿನ ತಂಡವೊಂದಕ್ಕೆ ಆಯ್ಕೆಯಾಗಿದ್ದವರೇ ಹೊರತು ಅದರ ಪಂದ್ಯ ಆಡಿದವರಲ್ಲ. ಕಥೆ ಬದುಕಿಗಿಂತ ಮುಂದೆ ಓಡಿದೆ.

ಹಾಗಾದರೆ ನಿಜವಾದ ಕಥೆ ಎಲ್ಲಿದೆ? ಓದುಗರಿಗೆ ಆಶ್ಚರ್ಯವಾದೀತು: ಗೊರಗುಂಟೆಪಾಳ್ಯದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಸಿಗುವ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ಇದೆ.

ಬೆನ್ನ ಮೇಲಿನ ಹೆಸರು

2025ರ ಫೆಬ್ರುವರಿ 21ರಂದು ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ತವರಿನಲ್ಲಿ ಮುಂಬೈ ಇಂಡಿಯನ್ಸ್ ತಂಡವನ್ನು ಎದುರಿಸಿತು. ಬೆಂಗಳೂರಿನ ಪರ ಇನಿಂಗ್ಸ್ ಆರಂಭಿಸಲು ಬಂದವರ ಪೈಕಿ ಇಂಗ್ಲೆಂಡಿನ ಡ್ಯಾನಿ ವ್ಯಾಟ್-ಹಾಡ್ಜ್ ಒಬ್ಬರು. ಮುಂಬೈ ಪರ 42 ರನ್ ಸಿಡಿಸಿ ಪಂದ್ಯವನ್ನು ಕಸಿದುಕೊಂಡವರ ಪೈಕಿ ಅದೇ ಇಂಗ್ಲೆಂಡಿನ ನ್ಯಾಟ್ ಸಿವರ್-ಬ್ರಂಟ್ ಒಬ್ಬರು. ಈ ಇಬ್ಬರ ಹೆಸರಿನ ನಡುವೆಯೂ ಒಂದು ಸಣ್ಣ ಅಡ್ಡಗೆರೆ ಇದೆ. ಆ ಅಡ್ಡಗೆರೆಯ ಆಚೆಗಿರುವುದು ಅವರವರ ಹೆಂಡತಿಯ ಮನೆತನದ ಹೆಸರು.

ವ್ಯಾಟ್ ಅವರನ್ನು ನಮ್ಮ ಕ್ರಿಕೆಟ್ ಅಭಿಮಾನಿಗಳು ಬೇರೊಂದು ಕಾರಣಕ್ಕೆ ನೆನಪಿಟ್ಟಿದ್ದಾರೆ. 2014ರಲ್ಲಿ ವಿರಾಟ್ ಕೊಹ್ಲಿ ಅವರಿಗೆ ‘ನನ್ನನ್ನು ಮದುವೆಯಾಗು’ ಎಂದು ಟ್ವಿಟರ್‌ನಲ್ಲಿ ತಮಾಷೆಯ ಕೋರಿಕೆಯಿಟ್ಟವರು ಅವರೇ. ಹತ್ತು ವರ್ಷಗಳ ಬಳಿಕ ಕೊಹ್ಲಿ ಹೆಸರಿನೊಂದಿಗೆ ತಳಕು ಹಾಕಿಕೊಂಡ ಫ್ರಾಂಚೈಸಿಯ ಕೆಂಪು ಜೆರ್ಸಿ ತೊಟ್ಟು ಅವರು ಬೆಂಗಳೂರಿಗೆ ಬಂದಾಗ, ಫುಟ್‌ಬಾಲ್ ಏಜೆಂಟ್ ಆಗಿರುವ ತಮ್ಮ ಸಂಗಾತಿಯನ್ನು 2024ರಲ್ಲಿ ವರಿಸಿ ಆಗಿತ್ತು. 2023ರ ಹರಾಜಿನಲ್ಲಿ ಯಾವ ತಂಡವೂ ಕೊಳ್ಳದೆ ಉಳಿದಿದ್ದ ಈ ಆಟಗಾರ್ತಿ ಬಳಿಕ ಯು.ಪಿ. ವಾರಿಯರ್ಸ್ ಸೇರಿ, ಅಲ್ಲಿಂದ ವರ್ಗಾವಣೆಗೊಂಡು ನಮ್ಮ ತಂಡಕ್ಕೆ ಬಂದವರು.

ಆದರೆ ವಿರುದ್ಧ ಸ್ವಭಾವಗಳ ಒಲವಿನ ಕಥೆ ಬೇಕೆಂದರೆ ಸಿವರ್-ಬ್ರಂಟ್ ದಂಪತಿಯನ್ನು ನೋಡಬೇಕು. ನ್ಯಾಟ್ ಹುಟ್ಟಿದ್ದು ಟೋಕಿಯೊದಲ್ಲಿ. ರಾಜತಾಂತ್ರಿಕ ಸೇವೆಯಲ್ಲಿದ್ದ ತಾಯಿಯೊಂದಿಗೆ ದೇಶದಿಂದ ದೇಶಕ್ಕೆ ಅಲೆದು ಬೆಳೆದವರು. ಮಾತು ಕಡಿಮೆ, ಬ್ಯಾಟು ಬೀಸುವಾಗಲೂ ಮುಖದ ಮೇಲೆ ಗೆರೆ ಅಲುಗದು. ಕ್ಯಾಥರೀನ್ ಬ್ರಂಟ್ ಅವರದು ಕಲ್ಲಿದ್ದಲು ಗಣಿಗಳಿಗೆ ಹೆಸರಾದ ಬಾರ್ನ್‌ಸ್ಲಿ. ಏಳು ವರ್ಷ ಹಿರಿಯರು, ವೇಗದ ಬೌಲರ್, ಕ್ಯಾಚು ಕೈಬಿಟ್ಟವರತ್ತ ಕೆಂಗಣ್ಣು ಬೀರುವ ಉರಿಮೂಗಿನವರೆಂದೇ ಖ್ಯಾತಿ. 2020ರಲ್ಲಿ ನಡೆಯಬೇಕಿದ್ದ ಮದುವೆ ಕೋವಿಡ್‌ನಿಂದ ಮುಂದಕ್ಕೆ ಹೋಗಿ 2022ರ ಮೇ ತಿಂಗಳಲ್ಲಿ ನೆರವೇರಿತು. 2023ರ ಆರಂಭದಲ್ಲಿ ಇಬ್ಬರೂ ಒಂದೇ ಜೋಡಿ ಹೆಸರನ್ನು ಇಟ್ಟುಕೊಂಡರು. ಆ ವರ್ಷದ ಟಿ-20 ವಿಶ್ವಕಪ್‌ನ ಸ್ಕೋರ್‌ಪಟ್ಟಿಯಲ್ಲಿ ಸಿವರ್-ಬ್ರಂಟ್ ಎಂಬುವರು ಇಬ್ಬರಿದ್ದರು. ಮರು ತಿಂಗಳೇ ನ್ಯಾಟ್ ಮುಂಬೈಗೆ ಮೊದಲ ಮಹಿಳಾ ಪ್ರೀಮಿಯರ್ ಲೀಗ್ ಕಿರೀಟ ತೊಡಿಸಿದರು. ಹರಾಜಿನಲ್ಲಿ ಅವರಿಗೆ ಸಿಕ್ಕ ಬೆಲೆ 3.2 ಕೋಟಿ ರೂಪಾಯಿ.

ಇನ್ನೊಂದು ಜೋಡಿಯ ಕಥೆಯಲ್ಲಿ ಸಿಹಿಗಿಂತ ಕಹಿ ಹೆಚ್ಚು. ದಕ್ಷಿಣ ಆಫ್ರಿಕಾದ ನಾಯಕಿಯಾಗಿದ್ದ ಲೆಗ್ ಸ್ಪಿನ್ನರ್ ಡೇನ್ ವಾನ್ ನೀಕರ್ಕ್ ಹಾಗೂ ವೇಗದ ಬೌಲರ್ ಮರಿಜಾನ್ ಕಾಪ್ 2018ರಲ್ಲಿ ಮದುವೆಯಾದರು. 2023ರಲ್ಲಿ ತವರಿನಲ್ಲಿಯೇ ನಡೆದ ವಿಶ್ವಕಪ್‌ಗೆ ಮುನ್ನ, ಎರಡು ಕಿಲೋಮೀಟರ್ ಓಟದ ಕ್ಷಮತಾ ಪರೀಕ್ಷೆಯಲ್ಲಿ ಕೇವಲ 18 ಸೆಕೆಂಡು ತಡವಾಯಿತೆಂದು ವಾನ್ ನೀಕರ್ಕ್ ಅವರನ್ನು ಕೈಬಿಡಲಾಯಿತು. ಅದೇ ಹೊತ್ತಿಗೆ ನಡೆಯುತ್ತಿದ್ದ ತ್ರಿಕೋನ ಸರಣಿಯಿಂದ ಕಾಪ್ ರಜೆ ಪಡೆದು ಹೆಂಡತಿಯ ಬಳಿ ಉಳಿದರು. ಕ್ರಿಕೆಟ್ ಮಂಡಳಿ ಅದನ್ನು ಕೌಟುಂಬಿಕ ಕಾರಣದ ರಜೆ ಎಂದೇ ಪರಿಗಣಿಸಿತು. ಕೆಲವೇ ದಿನಗಳ ಬಳಿಕ ಮುಂಬೈನಲ್ಲಿ ನಡೆದ ಹರಾಜಿನಲ್ಲಿ ವಾನ್ ನೀಕರ್ಕ್ ಅವರನ್ನು 30 ಲಕ್ಷ ರೂಪಾಯಿಗೆ ಕೊಂಡದ್ದು ನಮ್ಮ ಬೆಂಗಳೂರು ತಂಡ, ಕಾಪ್ 1.5 ಕೋಟಿಗೆ ದೆಹಲಿ ಪಾಲಾದರು. ಗಂಡ-ಹೆಂಡಿರನ್ನು ಬೇರೆ ಬೇರೆ ಊರಿಗೆ ವರ್ಗ ಮಾಡುವ ನಮ್ಮ ಸರ್ಕಾರಿ ಇಲಾಖೆಗಳ ನೆನಪಾಗುವುದು ಇಂಥಲ್ಲಿ.

‘ಕೌಟುಂಬಿಕ ಕಾರಣ’ ಎಂಬ ಆ ಎರಡು ಪದಗಳ ಬೆಲೆ ಎಷ್ಟೆಂಬುದನ್ನು ನಮ್ಮ ಓದುಗರು ಒಮ್ಮೆ ಯೋಚಿಸಬೇಕು. ಸಂಗಾತಿ ಸಂಕಟದಲ್ಲಿರುವಾಗ ರಜೆ ಕೇಳಲು, ಕೇಳಿದ್ದಕ್ಕೆ ಸುಳ್ಳು ಕಾರಣ ಬರೆಯದಿರಲು, ಮೊದಲು ಸಂಗಾತಿಯೊಬ್ಬಳು ಇದ್ದಾಳೆಂದು ಹೇಳುವ ಸ್ಥಿತಿ ಇರಬೇಕು.

ಗಮನಿಸಬೇಕಾದ ಸಂಗತಿಯೆಂದರೆ, ಈ ಯಾರನ್ನೂ ಬೆಂಗಳೂರಿನ ಪ್ರೇಕ್ಷಕರು ಹೀಯಾಳಿಸಲಿಲ್ಲ. ಚಿನ್ನಸ್ವಾಮಿಯ ಗ್ಯಾಲರಿಯಲ್ಲಿ ಕುಳಿತ ಕುಟುಂಬಗಳು ಬೌಂಡರಿಗೆ ಕುಣಿದವು, ಔಟಾದಾಗ ಹಣೆ ಚಚ್ಚಿಕೊಂಡವು. ಆ ಋತುವಿನಲ್ಲಿ ತವರಿನ ಪಂದ್ಯಗಳನ್ನೆಲ್ಲ ಸೋತದ್ದರ ದುಃಖವೇ ಹೆಚ್ಚಾಗಿತ್ತು. ಹಾಗೆಂದು ಇದನ್ನು ನಮ್ಮ ಔದಾರ್ಯವೆಂದು ಬೆನ್ನು ತಟ್ಟಿಕೊಳ್ಳುವ ಅಗತ್ಯವಿಲ್ಲ. ಅವರು ಹೊರಗಿನವರು, ಆಡಿ ಹೋಗುವವರು. ನಮ್ಮ ಬೀದಿಯವರಲ್ಲ, ನಮ್ಮ ಜಾತಿಯವರಲ್ಲ, ನಮ್ಮ ಮನೆಗೆ ಸೊಸೆಯಾಗಿ ಬರುವವರಲ್ಲ. ಅತಿಥಿಗೆ ಇರುವ ರಿಯಾಯಿತಿ ಮನೆಮಗಳಿಗೆ ಇಲ್ಲ ಎಂಬುದನ್ನು ದ್ಯುತಿ ಚಾಂದ್ ಪ್ರಕರಣ ತೋರಿಸಿಕೊಟ್ಟಿತು.

ಜಾಜ್‌ಪುರದ ಹುಡುಗಿ

ಒಡಿಶಾದ ಜಾಜ್‌ಪುರ ಜಿಲ್ಲೆಯ ನೇಕಾರರ ಮನೆಯ ಮಗಳು ದ್ಯುತಿ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ 100 ಮೀಟರ್, 200 ಮೀಟರ್ ಎರಡರಲ್ಲಿಯೂ ಬೆಳ್ಳಿ ಗೆದ್ದವರು. 2019ರ ಮೇ ತಿಂಗಳಲ್ಲಿ ತಮ್ಮದೇ ಊರಿನ ಯುವತಿಯೊಬ್ಬಳೊಂದಿಗೆ ತಮಗೆ ಸಂಬಂಧವಿದೆಯೆಂದು ಅವರು ಹೇಳಿಕೊಂಡರು. ಹೀಗೆ ಬಹಿರಂಗವಾಗಿ ನುಡಿದ ಭಾರತದ ಮೊದಲ ಕ್ರೀಡಾಪಟು ಅವರು. ಸಂಗಾತಿಯ ಹೆಸರನ್ನು ಮಾತ್ರ ಹೇಳಲಿಲ್ಲ, ಅದು ವಿವೇಕದ ನಡೆ. ಪ್ರತಿಭಟನೆ ಬಂದದ್ದು ಅಪರಿಚಿತರಿಂದಲ್ಲ, ಮನೆಯಿಂದಲೇ. ಅಕ್ಕ ತನ್ನನ್ನು ಬೆದರಿಸಿ ಹಣಕ್ಕಾಗಿ ಪೀಡಿಸಿದ್ದರಿಂದಲೇ ಬಾಯಿ ಬಿಡಬೇಕಾಯಿತೆಂದು ದ್ಯುತಿ ಆರೋಪಿಸಿದರೆ, ಸಂಗಾತಿಯ ಮನೆಯವರೇ ದ್ಯುತಿಯ ಮೇಲೆ ಒತ್ತಡ ಹೇರುತ್ತಿದ್ದಾರೆಂಬುದು ಮನೆಯವರ ವಾದವಾಗಿತ್ತು. ಈ ಜಗಳದ ನಡುವೆಯೇ ಜುಲೈನಲ್ಲಿ ನೇಪಲ್ಸ್‌ನ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಅವರು 100 ಮೀಟರ್ ಓಟವನ್ನು 11.32 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದರು. 2022ರ ಬರ್ಮಿಂಗ್‌ಹ್ಯಾಂ ಕಾಮನ್ವೆಲ್ತ್ ಕ್ರೀಡಾಕೂಟದ ಉದ್ಘಾಟನೆಯಲ್ಲಿ ಬ್ರಿಟನ್ನಿನ ಡೈವಿಂಗ್ ಪಟು ಟಾಮ್ ಡೇಲಿ ಅವರೊಂದಿಗೆ ಕಾಮನಬಿಲ್ಲಿನ ಬಾವುಟ ಹಿಡಿದು ಬಂದರು. ಆನಂತರ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಸಿಲುಕಿ 2023ರಲ್ಲಿ ನಾಲ್ಕು ವರ್ಷಗಳ ನಿಷೇಧಕ್ಕೆ ಗುರಿಯಾದದ್ದು ಬೇರೆಯೇ ಅಧ್ಯಾಯ. ಅದನ್ನು ಇದರೊಂದಿಗೆ ಬೆರೆಸುವುದು ಸಲ್ಲದು, ಮುಚ್ಚಿಡುವುದೂ ಸಲ್ಲದು.

ಬೆರೆಸಬಾರದ ಇನ್ನೊಂದು ಸಂಗತಿಯೂ ಇದೆ. ದ್ಯುತಿಯನ್ನು 2014ರಲ್ಲಿ ತಂಡದಿಂದ ಕೈಬಿಟ್ಟದ್ದು ಅವರ ಒಲವಿನ ಕಾರಣಕ್ಕಲ್ಲ, ದೇಹದಲ್ಲಿ ಸಹಜವಾಗಿಯೇ ಇದ್ದ ಹಾರ್ಮೋನಿನ ಪ್ರಮಾಣದ ಕಾರಣಕ್ಕೆ. ಆ ನಿಯಮವನ್ನು ಕ್ರೀಡಾ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಿ 2015ರಲ್ಲಿ ಅವರು ಓಡುವ ಹಕ್ಕನ್ನು ಮರಳಿ ಪಡೆದರು. 2006ರ ದೋಹಾ ಏಷ್ಯನ್ ಕ್ರೀಡಾಕೂಟದ ಬೆಳ್ಳಿ ಪದಕವನ್ನು ಕಳೆದುಕೊಂಡು, ಇಟ್ಟಿಗೆ ಗೂಡಿನಲ್ಲಿ ದುಡಿದು, ಬಳಿಕ ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿಯೇ ತರಬೇತುದಾರರ ಡಿಪ್ಲೊಮಾ ಓದಿದ ತಮಿಳುನಾಡಿನ ಶಾಂತಿ ಸೌಂದರಾಜನ್ ಅವರದೂ ಲಿಂಗ ಪರೀಕ್ಷೆಯ ಪ್ರಕರಣ. ಯಾರನ್ನು ಪ್ರೀತಿಸುತ್ತಾರೆ ಎಂಬುದು ಒಂದು ಪ್ರಶ್ನೆ, ಯಾರಾಗಿದ್ದಾರೆ ಎಂಬುದು ಮತ್ತೊಂದು. ನಮ್ಮ ಸುದ್ದಿಮನೆಗಳು ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದ ಆಗಿರುವ ಹಾನಿ ಸಣ್ಣದೇನಲ್ಲ.

ಗಂಡಸರ ಆಟದಲ್ಲಿ

ಮೇಲೆ ಹೇಳಿದ ಹೆಸರುಗಳೆಲ್ಲ ಹೆಂಗಸರವು. ಪುರುಷರ ಕ್ರಿಕೆಟ್‌ಗೆ ಬಂದರೆ ಪಟ್ಟಿ ಎರಡು ಹೆಸರಿಗೆ ಬಹುತೇಕ ಮುಗಿಯುತ್ತದೆ. ಇಂಗ್ಲೆಂಡಿನ ವಿಕೆಟ್ ಕೀಪರ್ ಸ್ಟೀವನ್ ಡೇವಿಸ್ 2011ರಲ್ಲಿ, ಇನ್ನೂ ಆಡುತ್ತಿರುವಾಗಲೇ ತಾವು ಸಲಿಂಗಿ ಎಂದು ಹೇಳಿಕೊಂಡರು. ನ್ಯೂಜಿಲೆಂಡಿನ ಹಳೆಯ ವೇಗದ ಬೌಲರ್ ಹೀತ್ ಡೇವಿಸ್ ಅದನ್ನು ಹೇಳಲು ನಿವೃತ್ತಿಯಾಗಿ ಬಹುಕಾಲ ಕಳೆಯಬೇಕಾಯಿತು, ಅದು 2022. ಭಾರತದ ಪರ ಆಡಿದ ಯಾವ ಪುರುಷ ಕ್ರಿಕೆಟಿಗನೂ ಈವರೆಗೆ ಇಂಥ ಮಾತು ಆಡಿಲ್ಲ. ಪುರುಷರ ಟೆಸ್ಟ್ ಕ್ಯಾಪ್ ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಯ ತಲೆಯೇರಿದೆ. ಇಷ್ಟು ಮಂದಿಯಲ್ಲಿ ಒಬ್ಬನೂ ಇರಲಿಲ್ಲವೆಂದು ನಂಬುವುದು ಕಷ್ಟ. ಇದ್ದವನು ಹೇಳಲಿಲ್ಲವೆಂದು ನಂಬುವುದು ಸುಲಭ.

ಫುಟ್‌ಬಾಲಿನ ಚರಿತ್ರೆ ಇನ್ನೂ ಕತ್ತಲು. 1981ರಲ್ಲಿ ಹತ್ತು ಲಕ್ಷ ಪೌಂಡಿಗೆ ಮಾರಾಟವಾದ ಮೊದಲ ಕಪ್ಪುವರ್ಣದ ಬ್ರಿಟಿಷ್ ಆಟಗಾರ ಜಸ್ಟಿನ್ ಫಶಾನು 1990ರಲ್ಲಿ ಸತ್ಯ ನುಡಿದು, ಸಹೋದರನಿಂದಲೇ ದೂರವಾಗಿ, 1998ರಲ್ಲಿ ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು. ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್‌ನಲ್ಲಿ ಮತ್ತೊಬ್ಬ ಸಕ್ರಿಯ ಆಟಗಾರ, ಬ್ಲ್ಯಾಕ್‌ಪೂಲ್ ತಂಡದ 17ರ ಹರೆಯದ ಜೇಕ್ ಡೇನಿಯಲ್ಸ್, ಆ ಮಾತನ್ನು ಆಡಲು 2022 ಬರಬೇಕಾಯಿತು. ಮೂವತ್ತೆರಡು ವರ್ಷ.

ಪುರುಷರ ಕ್ರೀಡೆಯಲ್ಲಿ ಈ ಮೌನಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಯಾವುದೇ ಊರಿನ ಮೈದಾನದಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಕ್ಯಾಚು ಬಿಟ್ಟವನಿಗೆ, ರೇಡ್‌ಗೆ ಹೋಗಲು ಹಿಂಜರಿದವನಿಗೆ ಸಿಗುವ ಮೊದಲ ಬೈಗುಳ ‘ಬಳೆ ತೊಟ್ಕೋ ಹೋಗೋ’ ಎಂಬುದು. ನಮ್ಮ ರಾಜಕಾರಣಿಗಳೇ ವಿಧಾನಸೌಧದ ಮುಂದೆ ಪರಸ್ಪರ ಬಳೆ ಕಳುಹಿಸಿಕೊಂಡಿರುವಾಗ ತರಬೇತುದಾರರನ್ನು ದೂರಿ ಫಲವೇನು? ಹೆಣ್ಣಾಗುವುದೇ ಅವಮಾನವೆಂದು ಹತ್ತು ವರ್ಷದ ಹುಡುಗನಿಗೆ ಕಲಿಸುವ ಶಾಲೆ ನಮ್ಮ ಆಟದ ಬಯಲು. ಹೆಣ್ಣುಮಕ್ಕಳ ಆಟದಲ್ಲಿ ಈ ಬೈಗುಳಕ್ಕೆ ಅರ್ಥವಿಲ್ಲ. ಆಟಕ್ಕೆ ಇಳಿದೊಡನೆಯೇ ಅವರು ‘ಗಂಡುಬೀರಿ’ ಎನಿಸಿಕೊಂಡು ಒಂದು ಗಡಿ ದಾಟಿರುತ್ತಾರೆ. ಎರಡನೆಯ ಗಡಿ ದಾಟುವುದು ಅಷ್ಟರಮಟ್ಟಿಗೆ ಸುಲಭವೇನೋ.

ವಿಚಿತ್ರವೆಂದರೆ ಬಳೆ ತೊಟ್ಟ ಕೈಗೆ ಇದೇ ನಾಡು ಗೌರವವನ್ನೂ ಕೊಟ್ಟಿದೆ. ಜೋಗತಿ ಪರಂಪರೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಸಂಡೂರಿನ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಪ್ರಕಟಿಸಿ, ತಮ್ಮ ಬದುಕನ್ನೂ ಮರೆಮಾಚದೆ ಹೇಳಿಕೊಂಡ ಮೇಲೆ ಕನ್ನಡದ ಓದುಗರು ಅವರನ್ನು ಕೈಬಿಡಲಿಲ್ಲ. ಬೆಂಗಳೂರಿನಲ್ಲಿ 2008ರಿಂದ ಸ್ವಾಭಿಮಾನದ ಮೆರವಣಿಗೆ ನಡೆಯುತ್ತಿದೆ. ಅಂದರೆ ಗುಡಿಯಲ್ಲಿ, ರಂಗದ ಮೇಲೆ, ಪುಸ್ತಕದಲ್ಲಿ, ವರ್ಷಕ್ಕೊಮ್ಮೆ ಬೀದಿಯಲ್ಲಿಯೂ ಜಾಗ ಸಿಕ್ಕಿದೆ. ಸಿಗದಿರುವುದು ಡ್ರೆಸ್ಸಿಂಗ್ ರೂಮಿನಲ್ಲಿ.

ಕಾನೂನು ಎಲ್ಲಿಗೆ ಬಂದಿದೆ

ಈಗ ಗೊರಗುಂಟೆಪಾಳ್ಯದ ಆ ಕೋಣೆಗೆ ಮರಳೋಣ. ಅಲ್ಲಿ ಇಬ್ಬರಿದ್ದಾರೆಂದು ಊಹಿಸಿಕೊಳ್ಳೋಣ. ಒಬ್ಬ ಕಬಡ್ಡಿಯವನು, ಮಾತಿಗಿಂತ ತೋಳು ಮುಂದು. ಇನ್ನೊಬ್ಬ ಕಾರ್ಖಾನೆಯ ಲೆಕ್ಕಪತ್ರ ವಿಭಾಗದವನು, ಆಟವೆಂದರೆ ಮಾರು ದೂರ. ಕಬಡ್ಡಿಯವನು ನಾಳೆ ಧೈರ್ಯ ಮಾಡಿ ಸತ್ಯ ಹೇಳಿದನೆನ್ನಿ. ಕಾನೂನು ಅವನನ್ನು ಎಷ್ಟರಮಟ್ಟಿಗೆ ಕಾಯುತ್ತದೆ?

ಜೈಲಿಗಂತೂ ಹೋಗಬೇಕಿಲ್ಲ. 2009ರಲ್ಲಿ ದೆಹಲಿ ಹೈಕೋರ್ಟ್ ತೆರೆದ ಬಾಗಿಲನ್ನು 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಮುಚ್ಚಿತ್ತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದುಹಾಕಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ನೇ ಕಲಮಿಗೆ ಸಮನಾದುದೇ ಇಲ್ಲ. ಇದರಲ್ಲಿ ಒಂದು ಅಪಾಯವೂ ಅಡಗಿದೆ. ಸಮ್ಮತಿಯಿಲ್ಲದೆ ವಯಸ್ಕ ಪುರುಷನ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯಕ್ಕೆ ಆ ಹಳೆಯ ಕಲಮು ಒಂದೇ ಆಸರೆಯಾಗಿತ್ತು, ಅದೂ ಹೋಯಿತು. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಗೆ 2013ರಲ್ಲಿ ಬಂದ ಕಾಯ್ದೆ ಮಹಿಳೆಯರಿಗೆ ಮಾತ್ರ. ಹದಿನೆಂಟು ತುಂಬದವರಿಗೆ, ಹುಡುಗನಿರಲಿ ಹುಡುಗಿಯಿರಲಿ, ಪೋಕ್ಸೊ ಕಾಯ್ದೆಯ ರಕ್ಷಣೆಯಿದೆ. ಹತ್ತೊಂಬತ್ತರ ಹುಡುಗ ಕ್ರೀಡಾ ವಸತಿ ನಿಲಯದಲ್ಲಿ ಸಹ ಆಟಗಾರರಿಂದ ಹಿಂಸೆಗೆ ಒಳಗಾದರೆ ದೂರು ಕೊಡುವ ದಾರಿ ಬಹಳ ಕಿರಿದು.

ತಂಡದಿಂದ ತೆಗೆದರೆ? 2018ರ ತೀರ್ಪು ಲೈಂಗಿಕ ಒಲವಿನ ಆಧಾರದ ತಾರತಮ್ಯವನ್ನು ಸಂವಿಧಾನದ ಸಮಾನತೆಯ ವಿಧಿಗಳೊಂದಿಗೆ ಜೋಡಿಸಿ ನೋಡಿತು. ಆದರೆ ಆ ವಿಧಿಗಳು ಮುಖ್ಯವಾಗಿ ಕಟ್ಟಿಹಾಕುವುದು ಸರ್ಕಾರವನ್ನು. ರೈಲ್ವೆಯಲ್ಲಿಯೋ ಪೊಲೀಸ್ ಇಲಾಖೆಯಲ್ಲಿಯೋ ಕ್ರೀಡಾ ಕೋಟಾದಡಿ ನೌಕರಿಯಲ್ಲಿದ್ದರೆ ಅವನ ಕೈಗೆ ಅಸ್ತ್ರ ಸಿಗುತ್ತದೆ. ಖಾಸಗಿ ಫ್ರಾಂಚೈಸಿಯ ಗುತ್ತಿಗೆ ಆಟಗಾರನಾಗಿದ್ದರೆ ಅಸ್ತ್ರ ಮೊಂಡು. ಕ್ರಿಕೆಟ್‌ನದು ನಡುವಿನ ಸ್ಥಿತಿ: 2005ರಲ್ಲಿ ಜೀ ಟೆಲಿಫಿಲ್ಮ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂವರು-ಇಬ್ಬರ ಬಹುಮತದಿಂದ, ಕ್ರಿಕೆಟ್ ಮಂಡಳಿ ಸಂವಿಧಾನದ ಅರ್ಥದಲ್ಲಿ ‘ರಾಜ್ಯ’ವಲ್ಲ ಎಂದಿತು, ಆದರೆ 226ನೇ ವಿಧಿಯಡಿ ಹೈಕೋರ್ಟಿನ ಬಾಗಿಲು ತಟ್ಟಬಹುದೆಂದೂ ಹೇಳಿತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗೆ 2019ರಲ್ಲಿ ಬಂದ ಕಾಯ್ದೆ ತಾರತಮ್ಯವನ್ನು ನಿಷೇಧಿಸುತ್ತದೆ ನಿಜ, ಆದರೆ ಅದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಸೀಮಿತ. ನಮ್ಮ ಕಬಡ್ಡಿ ಆಟಗಾರ ಅದರ ನೆರಳಿಗೆ ಬರುವುದಿಲ್ಲ.

ಇನ್ನು ಮದುವೆ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿ ವಿಷಯವನ್ನು ಸಂಸತ್ತಿಗೆ ಬಿಟ್ಟಿತು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾಗೊಂಡವು. ಸಂಪುಟ ಕಾರ್ಯದರ್ಶಿ ನೇತೃತ್ವದ ಸಮಿತಿಯೊಂದನ್ನು 2024ರಲ್ಲಿ ರಚಿಸಲಾಯಿತು. ಅದರ ಬೆನ್ನಿಗೇ ಇಬ್ಬರು ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲ, ಪಡಿತರ ಚೀಟಿಯಲ್ಲಿ ಒಂದೇ ಮನೆಯವರೆಂದು ಪರಿಗಣಿಸಬಹುದು ಎಂಬ ಸ್ಪಷ್ಟನೆಗಳು ಹೊರಬಿದ್ದವು. ಅಂದರೆ ನ್ಯಾಟ್ ಸಿವರ್-ಬ್ರಂಟ್ ತಮ್ಮ ಮದುವೆಯ ಹೆಸರನ್ನು ಬೆನ್ನ ಮೇಲೆ ಹೊತ್ತು ಭಾರತದ ಮೈದಾನದಲ್ಲಿ ಆಡಬಹುದು, ಅದನ್ನು ಇಲ್ಲಿನ ಟಿವಿ ವಾಹಿನಿಗಳು ತೋರಿಸಬಹುದು, ಆದರೆ ಆ ಅಡ್ಡಗೆರೆಗೆ ಭಾರತದ ಕಾನೂನಿನಲ್ಲಿ ಅರ್ಥವಿಲ್ಲ. ನಮ್ಮ ಗೊರಗುಂಟೆಪಾಳ್ಯದ ಜೋಡಿಗೆ ಸಿಕ್ಕಿರುವುದು ಪಡಿತರ ಚೀಟಿಯಲ್ಲಿ ಒಂದು ಸಾಲು. ಅದೂ ಕಡಿಮೆಯಲ್ಲ ಎನ್ನುವವರಿದ್ದಾರೆ. ಅಕ್ಕಿಯ ಮಟ್ಟಿಗೆ ಸರಿ.

ಮನೆಯವರ ಒತ್ತಡದ ವಿಷಯದಲ್ಲಿ ನ್ಯಾಯಾಲಯಗಳು ಹೆಚ್ಚು ಸ್ಪಂದಿಸಿವೆ. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್, ತಂದೆತಾಯಿಯ ವಶದಲ್ಲಿದ್ದ ಯುವತಿಯೊಬ್ಬಳನ್ನು ಸಂಗಾತಿಯೊಂದಿಗೆ ಕಳುಹಿಸಿಕೊಡುತ್ತ, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ ಎಂದು ಹೇಳಿತು. ನಮ್ಮ ವಿಧಾನಮಂಡಲ 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅಂಗೀಕರಿಸಿದ ದ್ವೇಷ ಭಾಷಣ ತಡೆ ವಿಧೇಯಕದಲ್ಲಿ ಧರ್ಮ, ಜಾತಿಗಳ ಸಾಲಿನಲ್ಲಿ ಲೈಂಗಿಕ ಒಲವನ್ನೂ ಸೇರಿಸಲಾಗಿತ್ತು. ಆ ವಿಧೇಯಕದ ಬಗ್ಗೆ ವಾಕ್‌ಸ್ವಾತಂತ್ರ್ಯದ ದೃಷ್ಟಿಯಿಂದ ಎದ್ದ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಎರಡು ಪದಗಳು ಕರ್ನಾಟಕದ ಶಾಸನಸಭೆಯ ಕಾಗದದಲ್ಲಿ ಅಚ್ಚಾದದ್ದು ಚರ್ಚೆಯ ಗದ್ದಲದಲ್ಲಿ ಯಾರ ಗಮನಕ್ಕೂ ಬಂದಂತಿರಲಿಲ್ಲ.

ಕ್ರೀಡೆಗೆ ಹೆಚ್ಚು ಸಂಬಂಧಿಸಿದ್ದು 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ. ಕ್ರೀಡಾ ಮಂಡಳಿ, ಕ್ರೀಡಾ ನ್ಯಾಯಮಂಡಳಿ, ಆಟಗಾರರ ಸಮಿತಿಗಳ ಜೊತೆಗೆ ‘ಸುರಕ್ಷಿತ ಕ್ರೀಡಾ ನೀತಿ’ಯ ಪ್ರಸ್ತಾಪವೂ ಅದರಲ್ಲಿದೆ. ದೆಹಲಿಯ ಜಂತರ್ ಮಂತರ್‌ನಲ್ಲಿ 2023ರಲ್ಲಿ ಕುಸ್ತಿಪಟುಗಳು ಬೀದಿಯಲ್ಲಿ ಕುಳಿತದ್ದರ ನೆನಪು ಈ ಮಾತಿನ ಹಿಂದಿದೆ. ನಮ್ಮ ದೃಷ್ಟಿಯಲ್ಲಿ, ಆ ನೀತಿಯ ಕನ್ನಡ ಪ್ರತಿ ಜಿಲ್ಲಾ ಕ್ರೀಡಾ ವಸತಿ ನಿಲಯದ ಗೋಡೆಯ ಮೇಲೆ ಬರುವಾಗ ಅದರಲ್ಲಿ ಒಂದು ವಾಕ್ಯ ಹೆಚ್ಚಿಗೆ ಇರಬೇಕು: ಒಲವಿನ ಕಾರಣಕ್ಕೆ ಯಾರನ್ನೂ ಹೀಯಾಳಿಸಕೂಡದು, ಕೈಬಿಡಕೂಡದು, ಮನೆಯವರಿಗೆ ತಿಳಿಸುವುದಾಗಿ ಬೆದರಿಸಕೂಡದು. ಮೂರನೆಯದು ಅತಿ ಮುಖ್ಯ. ದ್ಯುತಿ ಬಾಯಿ ಬಿಟ್ಟದ್ದು ಆದರ್ಶಕ್ಕಾಗಿ ಮಾತ್ರವಲ್ಲ, ಬೆದರಿಕೆಯ ಬಾಯಿ ಮು‌ಚ್ಚಿಸಲಿಕ್ಕೂ ಎಂಬುದನ್ನು ಮರೆಯಬಾರದು. ಅವರ ಕೊರಳಲ್ಲಿ ಏಷ್ಯಾಡ್ ಪದಕಗಳಿದ್ದವು, ಪತ್ರಕರ್ತರು ಕರೆದರೆ ಬರುತ್ತಿದ್ದರು. ಹತ್ತೊಂಬತ್ತರ ಕಬಡ್ಡಿ ಹುಡುಗನಿಗೆ ಎರಡೂ ಇಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಯಾರು ಯಾರೊಂದಿಗೆ ಬದುಕುತ್ತಾರೆಂಬುದು ಅವರ ಖಾಸಗಿ ವಿಷಯ, ಆಟಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಮಂಜಸವೆನಿಸುತ್ತದೆ, ಆದರೆ ಅದನ್ನು ಎಲ್ಲರಿಗೂ ಕೇಳುವುದಿಲ್ಲ. ಕ್ರಿಕೆಟಿಗ ಗ್ಯಾಲರಿಯಲ್ಲಿ ಕುಳಿತ ಹೆಂಡತಿಯತ್ತ ಬ್ಯಾಟು ತೋರಿಸಿದರೆ ಕ್ಯಾಮೆರಾ ಅತ್ತ ತಿರುಗುತ್ತದೆ, ಮರುದಿನ ನಮ್ಮ ಪುಟಗಳಲ್ಲಿಯೂ ಆ ಚಿತ್ರ ಬರುತ್ತದೆ. ಆಟಗಾರರ ಮದುವೆ, ಮಗುವಿನ ನಾಮಕರಣ, ವಿಚ್ಛೇದನ ಎಲ್ಲವೂ ಸುದ್ದಿ. ಖಾಸಗಿತನದ ಪಾಠ ಶುರುವಾಗುವುದು ಸಂಗಾತಿ ಅದೇ ಲಿಂಗದವರೆಂದು ತಿಳಿದ ಮೇಲೆ.

ಹಾಗೆಂದು ಎಲ್ಲರೂ ಹೇಳಿಕೊಳ್ಳಲೇಬೇಕೆಂಬ ಒತ್ತಾಯವೂ ತಪ್ಪು. ಆಟಗಾರನ ಆಯಸ್ಸು ಹತ್ತು ವರ್ಷ. ಆಯ್ಕೆಗಾರರಿಗೆ ಕೈಬಿಡಲು ಕಾರಣ ಹೇಳಬೇಕಾದ ಕಟ್ಟಲೆಯಿಲ್ಲ, ‘ಫಾರ್ಮ್ ಇಲ್ಲ’ ಎಂದರೆ ಮುಗಿಯಿತು. ಪೀಣ್ಯದ ಕಾರ್ಖಾನೆಯಲ್ಲಿ ತಂಗಿಯ ಮದುವೆಗೆಂದು ದುಡಿಯುತ್ತಿರುವ ಅಣ್ಣನಿಗೂ, ಅಪ್ಪನ ಸಾಲ ತೀರಿಸಲು ಗುತ್ತಿಗೆಗೆ ಸಹಿ ಹಾಕಿದ ಆಟಗಾರನಿಗೂ ಸತ್ಯ ಹೇಳುವುದಕ್ಕಿಂತ ಮೊದಲು ತೀರಿಸಬೇಕಾದ ಲೆಕ್ಕಗಳಿರುತ್ತವೆ. ಹೇಳಬೇಕೋ ಬೇಡವೋ ಎಂಬುದು ಅವನ ಆಯ್ಕೆಯಾಗಿರಬೇಕು. ಹೇಳಿದ ಮರುದಿನವೂ ಅಭ್ಯಾಸಕ್ಕೆ ಕರೆ ಬರಬೇಕು.

ಸದ್ಯಕ್ಕೆ ಮಾಡಬಹುದಾದ ಒಂದು ಸಣ್ಣ ಕೆಲಸಕ್ಕೆ ಕಾನೂನೂ ಬೇಕಿಲ್ಲ, ಸಂಸತ್ತೂ ಬೇಕಿಲ್ಲ. ಶಿಬಿರಕ್ಕೆ ಸೇರುವಾಗ ಆಟಗಾರ ತುಂಬುವ ಅರ್ಜಿಯಲ್ಲಿ, ಅಪಘಾತವಾದರೆ ಯಾರಿಗೆ ತಿಳಿಸಬೇಕು ಎಂಬ ಅಂಕಣವಿರುತ್ತದೆ, ಪಕ್ಕದಲ್ಲಿ ‘ಸಂಬಂಧ’ ಎಂಬ ಇನ್ನೊಂದು. ಅಲ್ಲಿ ತಂದೆ, ತಾಯಿ, ಗಂಡ, ಹೆಂಡತಿ ಎಂಬುದರ ಜೊತೆಗೆ ‘ಸಂಗಾತಿ’ ಎಂದೊಂದು ಪದ ಸೇರಿಸಲು ಶಾಯಿಯ ಹೊರತು ಬೇರೇನೂ ಖರ್ಚಾಗದು. ಮಂಡಿಚಿಪ್ಪು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ ಕಬಡ್ಡಿ ಆಟಗಾರನ ಬಳಿಗೆ ದಾವಣಗೆರೆಯಿಂದ ಅಪ್ಪ-ಅಮ್ಮ ಬಂದು ಸೇರಲು ಐದಾರು ತಾಸಾದರೂ ಬೇಕು. ಗೊರಗುಂಟೆಪಾಳ್ಯದ ಕೋಣೆಯಿಂದ ಆಟೊ ಹಿಡಿದು ಓಡಿಬರುವವನಿಗೆ ಅರ್ಧ ಗಂಟೆ ಸಾಕು. ತೀವ್ರ ನಿಗಾ ಘಟಕದ ಬಾಗಿಲಲ್ಲಿ ‘ನೀವು ಇವರಿಗೆ ಏನಾಗಬೇಕು?’ ಎಂದು ಕೇಳಿದಾಗ ಅವನು ಇಂದು ಕೊಡಬಹುದಾದ ಉತ್ತರ ಒಂದೇ: ‘ಫ್ರೆಂಡು, ಸರ್. ರೂಂಮೇಟು.’